ಗಣಕಯಂತ್ರ ಕಣ್ಣು ತೆರೆಯುವ ಮುನ್ನ

ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೊರಟರೆ ದಾರಿಯಲ್ಲಿ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಗೆ ಹೆಸರಾದ ಊರು. ಆ ಭಾಗದ ಒಂದು ಶಾಲೆಗೆ ಕೆಲವು ವರ್ಷಗಳ ಹಿಂದೆ ಚಿತ್ರೀಕರಣಕ್ಕೆಂದು ಹೋಗಿದ್ದೆ. ಶಾಲೆಯಲ್ಲಿ ಸರಿಯಾಗಿ ನಡೆಯುತ್ತಿದ್ದದ್ದು ಒಂದೇ ಡೆಸ್ಕ್‌ಟಾಪ್ ಗಣಕಯಂತ್ರ. ವಿದ್ಯಾರ್ಥಿವೇತನದ ಅರ್ಜಿಗಳಿಗೆ ಬೇಕಾದ ಮಕ್ಕಳ ವಿವರಗಳನ್ನು ಶಿಕ್ಷಕರೊಬ್ಬರು ಎರಡು ವಾರ ಕುಳಿತು ಅದರಲ್ಲಿ ತುಂಬಿದ್ದರು. ನಾವು ಹೋದ ದಿನ ಅದರಲ್ಲಿ ಒಂದು ಕಡತವೂ ಉಳಿದಿರಲಿಲ್ಲ.

ಆದದ್ದು ಇಷ್ಟೆ. ಹುಡುಗನೊಬ್ಬ ಹೊಸದೊಂದು ಆಪರೇಟಿಂಗ್ ಸಿಸ್ಟಮ್ ನೋಡುವ ಆಸೆಯಿಂದ ಪೆನ್ ಡ್ರೈವ್ ತಂದು ಸಿಕ್ಕಿಸಿ ಯಂತ್ರ ಚಾಲೂ ಮಾಡಿದ್ದ. ಪರದೆ ಕೇಳಿದ ಪ್ರಶ್ನೆಗಳಿಗೆಲ್ಲ 'ಹೌದು' ಎಂದಿದ್ದ. ಅವುಗಳಲ್ಲಿ ಒಂದು, ಡಿಸ್ಕ್ ಅಳಿಸಲೇ ಎಂಬುದು. ಅವನಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಆದರೆ ಮಕ್ಕಳ ತಂದೆತಾಯಿಗಳು ಒಂದು ದಿನದ ಕೂಲಿ ಬಿಟ್ಟು, ಕಾಗದಪತ್ರ ಹಿಡಿದು ಮತ್ತೆ ಶಾಲೆಗೆ ಬರಬೇಕಾಯಿತು.

"ಪಾಸ್‌ವರ್ಡ್ ಹಾಕಿದ್ದೆನಲ್ಲ ಸರ್!" ಎಂದರು ಆ ಶಿಕ್ಷಕರು. ಹಾಕಿದ್ದರು, ನಿಜ. ಆದರೆ ಆ ಪಾಸ್‌ವರ್ಡ್ ಕೇಳುವುದು ವಿಂಡೋಸ್. ಅಂದು ವಿಂಡೋಸ್ ಏಳಲೇ ಇಲ್ಲವಲ್ಲ! ಏಳದ ಕಾವಲುಗಾರ ಯಾರನ್ನು ತಡೆದಾನು?

ಹಾಗಾದರೆ ಗುಂಡಿ ಒತ್ತಿದ ಮೇಲೆ ಮೊದಲು ಏಳುವುದು ಯಾವುದು? ಮದರ್‌ಬೋರ್ಡಿನ ಮೇಲೆ ಒಂದು ಸಣ್ಣ ಚಿಪ್ ಇರುತ್ತದೆ. ಅದರೊಳಗಿನ ತಂತ್ರಾಂಶವನ್ನು ಹಿಂದೆ ಬಯಾಸ್ ಎನ್ನುತ್ತಿದ್ದರು. ಇಂದಿನ ಯಂತ್ರಗಳಲ್ಲಿ ಅದರ ಜಾಗಕ್ಕೆ ಯುಇಎಫ್‌ಐ ಬಂದಿದೆ. ಅದು ಮೆಮೊರಿ, ಕೀಲಿಮಣೆ, ಡಿಸ್ಕ್ ಎಲ್ಲ ಸರಿಯಾಗಿವೆಯೇ ಎಂದು ನೋಡುತ್ತದೆ. ಆಮೇಲೆ ತನ್ನಲ್ಲಿರುವ ಪಟ್ಟಿಯಂತೆ ಆಪರೇಟಿಂಗ್ ಸಿಸ್ಟಮನ್ನು ಹುಡುಕುತ್ತದೆ. ಪಟ್ಟಿಯಲ್ಲಿ ಪೆನ್ ಡ್ರೈವ್ ಮೊದಲಿದ್ದರೆ ಪೆನ್ ಡ್ರೈವಿಗೇ ಯಂತ್ರವನ್ನು ಒಪ್ಪಿಸುತ್ತದೆ.

ಈ ಬಾಗಿಲು ಕಳ್ಳರಿಗೆ ಬಹಳ ಹಿಂದೆಯೇ ಗೊತ್ತಾಗಿತ್ತು. 1986ರಲ್ಲಿ ಲಾಹೋರಿನಲ್ಲಿ ಹುಟ್ಟಿದ 'ಬ್ರೇನ್' ವೈರಸ್ ಫ್ಲಾಪಿಯ ಮೊದಲ ಭಾಗದಲ್ಲಿ, ಅಂದರೆ ಬೂಟ್ ಸೆಕ್ಟರಿನಲ್ಲಿ, ಅಡಗಿರುತ್ತಿತ್ತು. ಆ ಫ್ಲಾಪಿಯಿಂದ ಯಂತ್ರ ಚಾಲೂ ಮಾಡಿದರೆ ಆಪರೇಟಿಂಗ್ ಸಿಸ್ಟಮಿಗಿಂತ ಮೊದಲು ವೈರಸ್ಸೇ ಮೆಮೊರಿಗೆ ಬಂದು ಕೂರುತ್ತಿತ್ತು. 1999ರ ಏಪ್ರಿಲ್ 26ರಂದು ಸಿಐಎಚ್ ಎಂಬ ವೈರಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಡಿಸ್ಕಿನ ಆರಂಭದ ಭಾಗವನ್ನು ಅಳಿಸಿದ್ದಲ್ಲದೆ, ಕೆಲವು ಯಂತ್ರಗಳಲ್ಲಿ ಬಯಾಸ್ ಚಿಪ್ಪಿನೊಳಗಿನ ಬರಹವನ್ನೇ ಕೆಡಿಸಿತು. ಅಂಥ ಯಂತ್ರ ಗುಂಡಿ ಒತ್ತಿದರೂ ಏಳುತ್ತಿರಲಿಲ್ಲ. ನಾನಾಗ ವಿಜ್ಞಾನ ಪದವಿಯ ವಿದ್ಯಾರ್ಥಿ. ಗಣಕಯಂತ್ರವೂ ಹೀಗೆ ಸಾಯಬಹುದೆಂದು ಅಂದು ಮೊದಲ ಬಾರಿ ಅರಿತೆ.

ಇರಲಿ, ಈಗ ಉಪಾಯಕ್ಕೆ ಬರೋಣ. ಕಲಬುರಗಿ ಕೋಟೆಯನ್ನು ನೀವು ನೋಡಿರಬಹುದು. ಎರಡು ಸುತ್ತಿನ ಗೋಡೆ, ಹೊರಗೆ ಕಂದಕ. ಒಂದೇ ಗೋಡೆಯನ್ನು ನಂಬಿ ಅದನ್ನು ಕಟ್ಟಲಿಲ್ಲ. ನಾವೂ ಹಾಗೆಯೇ ಮಾಡಬೇಕು.

ಯಾವ ಬದಲಾವಣೆಗೂ ಮುನ್ನ ಮುಖ್ಯ ಕಡತಗಳ ಪ್ರತಿಯೊಂದನ್ನು ಬೇರೆ ಕಡೆ ಇಡಿ. ಡಿಸ್ಕಿಗೆ ಬಿಟ್‌ಲಾಕರ್ ಗೂಢಲಿಪಿ ಹಾಕಿದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಬರೆದುಕೊಳ್ಳಿ. ಯಂತ್ರದ ಆರಂಭದ ವ್ಯವಸ್ಥೆ ಬದಲಾದರೆ ಬಿಟ್‌ಲಾಕರ್ ಸಂಶಯಪಟ್ಟು ಆ ಅಂಕಿಗಳನ್ನು ಕೇಳಬಹುದು.

ಆಮೇಲೆ ಯಂತ್ರ ಚಾಲೂ ಆಗುತ್ತಿದ್ದಂತೆ ಎಫ್2, ಎಫ್10 ಅಥವಾ ಡಿಲೀಟ್ ಕೀಲಿ ಒತ್ತಿ. ಯಾವುದೆಂಬುದು ತಯಾರಕರ ಮೇಲೆ ಹೋಗುತ್ತದೆ. ಸೆಟಪ್ ಪುಟ ತೆರೆಯುತ್ತದೆ. ಅಲ್ಲಿ ಸಾಮಾನ್ಯವಾಗಿ ಎರಡು ಪಾಸ್‌ವರ್ಡುಗಳಿರುತ್ತವೆ. ಪವರ್-ಆನ್ ಪಾಸ್‌ವರ್ಡ್ ಹಾಕಿದರೆ ಅದಿಲ್ಲದೆ ಯಂತ್ರವೇ ಏಳದು. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಹಾಕಿದರೆ ಯಂತ್ರ ಎಂದಿನಂತೆ ಎಲ್ಲರಿಗೂ ಏಳುತ್ತದೆ, ಆದರೆ ಸೆಟಪ್ಪನ್ನು ಬದಲಿಸಲು ಬರುವುದಿಲ್ಲ. ಹತ್ತಾರು ಮಂದಿ ಬಳಸುವ ಶಾಲೆಯ ಯಂತ್ರಕ್ಕೆ ಎರಡನೆಯದೇ ತಕ್ಕದ್ದು.

ನಂತರ ಬೂಟ್ ಪಟ್ಟಿ. ಒಳಗಿನ ಡಿಸ್ಕ್ ಮೊದಲಿರಲಿ. ಯುಎಸ್‌ಬಿ, ಡಿವಿಡಿ, ನೆಟ್‌ವರ್ಕ್‌ಗಳಿಂದ ಚಾಲೂ ಆಗುವುದನ್ನು ನಿಲ್ಲಿಸಿ. ಎಫ್12ರಂಥ ಕೀಲಿ ಒತ್ತಿದರೆ ಬರುವ ಬೂಟ್ ಮೆನುವಿಗೂ ತಡೆ ಹಾಕಿ; ಅದನ್ನು ಮರೆತರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ.

ಇಲ್ಲೊಂದು ಸೂಕ್ಷ್ಮವಿದೆ. ಯುಎಸ್‌ಬಿಯಿಂದ ಚಾಲೂ ಆಗುವುದನ್ನು ತಡೆಯುವುದೇ ಬೇರೆ, ಯುಎಸ್‌ಬಿ ಕಿಂಡಿಯನ್ನೇ ಮುಚ್ಚುವುದೇ ಬೇರೆ. ಕಿಂಡಿ ತೆರೆದಿದ್ದರೆ ವಿಂಡೋಸ್ ಎದ್ದ ಮೇಲೆ ಪೆನ್ ಡ್ರೈವಿನ ಮೂಲಕ ವೈರಸ್ ಬರಬಹುದು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಹರಡಿದ ದಾರಿಗಳಲ್ಲಿ ಪೆನ್ ಡ್ರೈವೂ ಒಂದು. ಕಚೇರಿಗಳಿಗೆಂದು ಮಾಡಿದ ಎಷ್ಟೋ ಯಂತ್ರಗಳಲ್ಲಿ ಒಂದೊಂದು ಕಿಂಡಿಯನ್ನೂ ಬೇರೆ ಬೇರೆಯಾಗಿ ಮುಚ್ಚಬಹುದು. ಆದರೆ ಕೀಲಿಮಣೆ, ಮೌಸ್‌ಗಳೂ ಯುಎಸ್‌ಬಿಯವೇ ಆಗಿರುತ್ತವೆ. ಎಲ್ಲವನ್ನೂ ಒಮ್ಮೆಗೇ ಮುಚ್ಚಿ ಪರದೆಯ ಮುಂದೆ ಕೈಕಟ್ಟಿ ಕೂರಬೇಡಿ!

ಮುಂದಿನದು ಸೆಕ್ಯೂರ್ ಬೂಟ್. 2012ರಲ್ಲಿ ವಿಂಡೋಸ್ 8ರ ಜೊತೆ ಇದು ಬಳಕೆಗೆ ಬಂತು. ಚಾಲೂ ಆಗಲಿರುವ ತಂತ್ರಾಂಶಕ್ಕೆ ನಂಬಿಕಸ್ಥರ ಡಿಜಿಟಲ್ ಸಹಿ ಇದೆಯೇ ಎಂದು ಇದು ನೋಡುತ್ತದೆ, ಇಲ್ಲದಿದ್ದರೆ ಬಿಡುವುದಿಲ್ಲ. ಇದೂ ಸೋಲರಿಯದ್ದಲ್ಲ. 2023ರಲ್ಲಿ 'ಬ್ಲ್ಯಾಕ್‌ಲೋಟಸ್' ಎಂಬ ದುಷ್ಟ ತಂತ್ರಾಂಶ ಇದನ್ನು ದಾಟಿದ್ದು ಬಯಲಾಯಿತು. ಆದ್ದರಿಂದ ಅಪ್‌ಡೇಟ್‌ಗಳನ್ನು ತಪ್ಪಿಸಬೇಡಿ.

ಒಂದು ಪ್ರಶ್ನೆ ಕೇಳುತ್ತೇನೆ. ಸೆಕ್ಯೂರ್ ಬೂಟ್ ಇದ್ದಿದ್ದರೆ ಆ ಶಾಲೆಯ ಕಡತಗಳು ಉಳಿಯುತ್ತಿದ್ದವೇ? ಹೇಳಲಾಗದು. ಉಬುಂಟುವಿನಂಥ ಲಿನಕ್ಸ್‌ಗೂ ಒಪ್ಪಿತ ಸಹಿ ಇದೆ. ಅದನ್ನು ಸೆಕ್ಯೂರ್ ಬೂಟ್ ತಡೆಯುವುದಿಲ್ಲ. ಗೂಢಲಿಪಿ ಇದ್ದಿದ್ದರೆ? ಅದು ಓದುವುದನ್ನು ತಡೆಯುತ್ತದೆ, ಅಳಿಸುವುದನ್ನಲ್ಲ. ಅಂದು ಹುಡುಗನನ್ನು ತಡೆಯಬಹುದಾಗಿದ್ದದ್ದು ಬೂಟ್ ಪಟ್ಟಿ ಮತ್ತು ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್. ಕಡತಗಳನ್ನು ಮರಳಿ ಕೊಡಬಹುದಾಗಿದ್ದದ್ದು ಬೇರೆ ಕಡೆ ಇಟ್ಟ ಪ್ರತಿ. ಇನ್ನು ಡಿಸ್ಕನ್ನೇ ಬಿಚ್ಚಿಕೊಂಡು ಹೋದರೆ ನೆರವಿಗೆ ಬರುವುದು ಗೂಢಲಿಪಿ ಮಾತ್ರ. ಒಂದೊಂದು ಬೀಗ ಒಂದೊಂದು ಬಾಗಿಲನ್ನು ಕಾಯುತ್ತದೆ ಎಂಬುದನ್ನು ಮರೆಯಬೇಡಿ. ಹಲವು ಡೆಸ್ಕ್‌ಟಾಪ್‌ಗಳಲ್ಲಿ ಪೆಟ್ಟಿಗೆ ತೆರೆದು, ಮದರ್‌ಬೋರ್ಡಿನ ಜಂಪರ್ ಬದಲಿಸಿ ಸೆಟಪ್ ಪಾಸ್‌ವರ್ಡನ್ನೇ ಅಳಿಸಬಹುದು. ಹಾಗಾಗಿ ಪೆಟ್ಟಿಗೆಗೂ ಒಂದು ಬೀಗ ಬೇಕು.

ನಮ್ಮ ರಾಜ್ಯದ 'ಭೂಮಿ' ಯೋಜನೆ ಈ ಎಚ್ಚರವನ್ನು ಬೇಗ ಕಲಿತಿತ್ತು. 2000ದ ದಶಕದ ಆರಂಭದಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಬಂದಾಗ, ಬರಿಯ ಪಾಸ್‌ವರ್ಡನ್ನು ನಂಬದೆ ತಾಲ್ಲೂಕು ಕಚೇರಿಯ ಸಿಬ್ಬಂದಿಯ ಬೆರಳಚ್ಚನ್ನು ಕೇಳುವ ವ್ಯವಸ್ಥೆ ಮಾಡಿದರು. ಪಾಸ್‌ವರ್ಡ್ ಬಾಯಿಂದ ಬಾಯಿಗೆ ಹೋಗುತ್ತದೆ, ಬೆರಳು ಹೋಗುವುದಿಲ್ಲ. ರೈತನ ಹೊಲ ಯಾರ ಹೆಸರಿನಲ್ಲಿದೆ ಎಂಬುದು ಆ ಯಂತ್ರದಲ್ಲಿತ್ತು ಎಂಬುದನ್ನು ನೆನೆದರೆ ಈ ಜಾಗ್ರತೆಯ ಬೆಲೆ ತಿಳಿಯುತ್ತದೆ.

ಕೊನೆಯದಾಗಿ ಒಂದು ಮಾತು. ಇನ್ನೊಂದು ಶಾಲೆಯಲ್ಲಿ ಪಾಸ್‌ವರ್ಡ್ ಹಾಕಿದ್ದ ಗುರುಗಳು ವರ್ಗವಾಗಿ ಹೋದರು. ಪಾಸ್‌ವರ್ಡೂ ಅವರೊಂದಿಗೇ ಹೋಯಿತು. ಬೀಗದಷ್ಟೇ ಬೀಗದ ಕೈಯೂ ಮುಖ್ಯ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಲಕೋಟೆಯಲ್ಲಿಟ್ಟು, ಅಂಟಿಸಿ, ಮುಖ್ಯೋಪಾಧ್ಯಾಯರ ಕಪಾಟಿನಲ್ಲಿಡಿ.

ಕಮಲಾಪುರದ ಆ ಹುಡುಗ ಏನು ಮಾಡಿದ ಗೊತ್ತೆ? ಶಿಕ್ಷಕರ ಪಕ್ಕದಲ್ಲಿ ಕುಳಿತು ವಿವರಗಳನ್ನೆಲ್ಲ ಮತ್ತೆ ತುಂಬಿಸಿಕೊಟ್ಟ. ಕೆಲಸ ಮುಗಿದ ಮೇಲೆ ಅವನ ಎದುರಿಗೇ ಬೂಟ್ ಪಟ್ಟಿ ಬದಲಿಸಿದೆವು. ಪಾಸ್‌ವರ್ಡನ್ನು ಶಿಕ್ಷಕರೇ ಹಾಕಿದರು. ಆಮೇಲೆ ಅದೇ ಪೆನ್ ಡ್ರೈವನ್ನು ಅವನ ಕೈಗೇ ಕೊಟ್ಟು, ಸಿಕ್ಕಿಸಿ ನೋಡು ಎಂದೆವು. ಯಂತ್ರ ಅದರತ್ತ ತಿರುಗಿಯೂ ನೋಡಲಿಲ್ಲ. ನೀವೂ ನಿಮ್ಮ ಗುರುಗಳ ಅನುಮತಿ ಪಡೆದು, ಅವರ ಜೊತೆ ಕುಳಿತು ನಿಮ್ಮ ಶಾಲೆಯ ಯಂತ್ರವನ್ನು ಒಮ್ಮೆ ಹೀಗೆ ಪರೀಕ್ಷಿಸಿ.