ಅಪರಿಚಿತರ ಅಂಗಳದಲ್ಲಿ ನಮ್ಮ ಮಾತು

(ಪಕ್ಷದ ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)

ಈ ಶಿಬಿರದಲ್ಲಿ ಎರಡು ದಿನಗಳಿಂದ ಭೂಮಿಯ ಪ್ರಶ್ನೆ, ಜಾತಿಯ ಪ್ರಶ್ನೆ, ಭಾಷೆಯ ಪ್ರಶ್ನೆಗಳನ್ನು ಕುರಿತು ಚರ್ಚೆ ನಡೆದಿದೆ. ಇಲ್ಲಿ ಕುಳಿತಿರುವ ನಾವೆಲ್ಲ ಬಹುಮಟ್ಟಿಗೆ ಒಂದೇ ಮನಸ್ಸಿನವರು. ಒಬ್ಬರು ಅರ್ಧ ಮಾತು ಆಡಿದರೆ ಉಳಿದರ್ಧವನ್ನು ಇನ್ನೊಬ್ಬರು ಪೂರ್ತಿ ಮಾಡುತ್ತಾರೆ. ಆದರೆ ನಾಳೆ ಬೆಳಿಗ್ಗೆ ನೀವು ಇಬ್ಬಿಬ್ಬರಾಗಿ ಹಳ್ಳಿಗಳಿಗೆ ಹೊರಡುವವರು. ಅಲ್ಲಿ ನಿಮ್ಮನ್ನು ಒಪ್ಪುವವರು ಕಾದು ಕುಳಿತಿರುವುದಿಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ, ಹೋಟೆಲಿನ ಬೆಂಚಿನ ಮೇಲೆ, ಮನೆಯ ಜಗಲಿಯ ಮೇಲೆ ಗುರುತಿಲ್ಲದ ಜನ ಸಿಗುತ್ತಾರೆ. "ಯಾರ್ರೀ ನೀವು? ಯಾವ ಊರು? ನಿಮಗೇನು ಕೆಲಸ ಇಲ್ಲಿ?" ಎಂಬುದೇ ಮೊದಲ ಸ್ವಾಗತ. ಕೆಲವರು ಬಯ್ಯುತ್ತಾರೆ, ಕೆಲವರು ನಗುತ್ತಾರೆ, ಕೆಲವರು ಬಾಗಿಲು ಹಾಕಿಕೊಳ್ಳುತ್ತಾರೆ. ಈ ವಿರೋಧವನ್ನು ಹೇಗೆ ಎದುರಿಸಬೇಕೆಂಬ ವಿಷಯವನ್ನೇ ಇಂದು ಮಾತಿಗೆ ಎತ್ತಿಕೊಂಡಿದ್ದೇವೆ.

ಇಂತಹ ಸಂದರ್ಭದಲ್ಲಿ ಕಾರ್ಯಕರ್ತನ ಮುಂದೆ ಮೂರು ಆಸೆಗಳು ಸುಳಿಯುತ್ತವೆ. ಸಿಟ್ಟಿಗೆ ಸಿಟ್ಟು, ಬೈಗುಳಕ್ಕೆ ಬೈಗುಳ ಎನ್ನುವುದು ಮೊದಲನೆಯದು. ನಮ್ಮ ಮತವನ್ನು ಮುಚ್ಚಿಟ್ಟು, ಎಲ್ಲರಿಗೂ ಹಿತವಾಗುವ ಎರಡು ಮಾತು ಹೇಳಿ, ಕೈಮುಗಿದು ಬರುವುದು ಎರಡನೆಯದು. ಈ ಜನ ಉದ್ಧಾರವಾಗುವವರಲ್ಲ ಎಂದು ಶಪಿಸಿ ಮನೆಯಲ್ಲಿ ಕುಳಿತುಬಿಡುವುದು ಮೂರನೆಯದು. ಮೊದಲನೆಯದರಿಂದ ವಿರೋಧಿ ಗಟ್ಟಿಯಾಗುತ್ತಾನೆ. ಎರಡನೆಯದರಿಂದ ನಾವು ಹೋದದ್ದೇ ವ್ಯರ್ಥವಾಗುತ್ತದೆ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು; ಅದರಲ್ಲಿ ಜನರ ಬಗೆಗಿನ ತಿರಸ್ಕಾರ ಅಡಗಿದೆ, ಮತ್ತು ಜನರನ್ನು ತಿರಸ್ಕರಿಸುವವನು ಸಮಾಜವಾದಿಯಾಗಿ ಉಳಿಯಲಾರ.

ಮೊದಲು ವಿರೋಧದ ಬೇರು ಎಲ್ಲಿದೆ ಎಂಬುದನ್ನು ನೋಡೋಣ. ಬಯ್ಯುವವರೆಲ್ಲ ಒಂದೇ ಕಾರಣಕ್ಕೆ ಬಯ್ಯುವುದಿಲ್ಲ.

ಒಬ್ಬನಿಗೆ ನಮ್ಮ ಮಾತಿನಿಂದ ನಿಜವಾಗಿಯೂ ನಷ್ಟವಿದೆ. ಅವನ ವಿರೋಧ ಸಹಜ. ಇನ್ನೊಬ್ಬನಿಗೆ ನಷ್ಟವಿಲ್ಲ, ಹೆದರಿಕೆಯಿದೆ. ನಮ್ಮ ಜೊತೆ ನಿಂತು ಮಾತಾಡಿದ್ದನ್ನು ಧಣಿಯೋ ಸಾಲ ಕೊಟ್ಟವನೋ ನೋಡಿದರೆ ನಾಳೆ ಏನಾದೀತು ಎಂಬ ಲೆಕ್ಕ ಅವನದು. ನಾಲ್ಕು ಜನ ಕೇಳುವಂತೆ ನಮ್ಮನ್ನು ಗದರಿಸಿ ಅಟ್ಟುವುದೇ ಅವನಿಗೆ ಕ್ಷೇಮ. ಮೂರನೆಯವನಿಗೆ ಅಭಿಮಾನಕ್ಕೆ ಪೆಟ್ಟು ಬಿದ್ದಿದೆ. ನಲವತ್ತು ವರ್ಷ ಮಣ್ಣಿನಲ್ಲಿ ದುಡಿದವನಿಗೆ ನಿನ್ನೆ ಮೊನ್ನೆ ಕಾಲೇಜು ಬಿಟ್ಟ ಹುಡುಗ ಬಂದು ಬೇಸಾಯದ ಬಗ್ಗೆ ಉಪದೇಶ ಮಾಡಿದರೆ ಸಿಟ್ಟು ಬಾರದೆ ಇದ್ದೀತೆ? ನಾಲ್ಕನೆಯವನು ನಾವು ಆಡದ ಮಾತನ್ನು ನಾವು ಆಡಿದೆವೆಂದು ನಂಬಿ ಕೆರಳಿದ್ದಾನೆ. ಈ ನಾಲ್ವರಿಗೂ ಒಂದೇ ಉತ್ತರ ಕೊಡುವವನು ನಾಲ್ವರನ್ನೂ ಕಳೆದುಕೊಳ್ಳುತ್ತಾನೆ.

ನಾಲ್ಕನೆಯ ಬಗೆಯದಕ್ಕೆ ಒಂದು ದೊಡ್ಡ ನಿದರ್ಶನವಿದೆ. ಗಾಂಧೀಜಿ 1896ರಲ್ಲಿ ದಕ್ಷಿಣ ಆಫ್ರಿಕದಿಂದ ಸ್ವದೇಶಕ್ಕೆ ಬಂದಾಗ, ಅಲ್ಲಿನ ಭಾರತೀಯರ ಕಷ್ಟಗಳನ್ನು ಕುರಿತು ರಾಜಕೋಟೆಯಲ್ಲಿ ಒಂದು ಪುಸ್ತಿಕೆ ಬರೆದರು. ಅದರ ಸಾರಾಂಶವೆಂದು ಹೇಳಿಕೊಂಡ ಕೆಲವು ಸಾಲಿನ ತಂತಿ ವರ್ತಮಾನ ನಟಾಲಿಗೆ ತಲಪುವ ಹೊತ್ತಿಗೆ ಮೂಲದ ಮಾತು ಹಿಗ್ಗಿ ವಿಕಾರವಾಗಿತ್ತು. 1897ರ ಜನವರಿ 13ರಂದು ಅವರು ಡರ್ಬನ್ನಿನಲ್ಲಿ ಹಡಗಿನಿಂದ ಇಳಿದು ನಡೆದು ಹೋಗುತ್ತಿದ್ದಾಗ ಬಿಳಿಯರ ಗುಂಪು ಕಲ್ಲು, ಕೊಳೆತ ಮೊಟ್ಟೆಗಳನ್ನು ಎಸೆದು, ಹಿಡಿದು ಥಳಿಸಿತು. ಪೊಲೀಸ್ ಅಧಿಕಾರಿಯ ಪತ್ನಿ ಶ್ರೀಮತಿ ಅಲೆಕ್ಸಾಂಡರ್ ತಮ್ಮ ಕೊಡೆ ಬಿಚ್ಚಿ ಅಡ್ಡ ನಿಂತದ್ದರಿಂದ ಪ್ರಾಣ ಉಳಿಯಿತು. ಹಲ್ಲೆ ಮಾಡಿದವರ ಮೇಲೆ ಮೊಕದ್ದಮೆ ಹೂಡಬೇಕೆಂದು ಲಂಡನ್ನಿನಿಂದಲೇ ಸೂಚನೆ ಬಂದರೂ ಗಾಂಧೀಜಿ ಒಪ್ಪಲಿಲ್ಲ. ತಪ್ಪು ಸುದ್ದಿ ನಂಬಿ ಕೆರಳಿದವರು ಸತ್ಯ ತಿಳಿದಾಗ ತಾವೇ ನಾಚಿಕೊಳ್ಳುತ್ತಾರೆ ಎಂಬುದು ಅವರ ನಿಲುವು. ಪತ್ರಿಕೆಯವರು ಬಂದು ಕೇಳಿದಾಗ ಒಂದೊಂದು ಆರೋಪಕ್ಕೂ ಉತ್ತರ ಕೊಟ್ಟರು. ತಾವು ಹಿಂದೂಸ್ಥಾನದಲ್ಲಿ ಆಡಿದ ಯಾವ ಮಾತೂ ನಟಾಲಿನಲ್ಲಿ ಮೊದಲೇ ಆಡದೆ ಇದ್ದದ್ದಲ್ಲ ಎಂದು ತೋರಿಸಿಕೊಟ್ಟರು. ಗಮನಿಸಿ, ಅವರು ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇದರಿಂದ ನಾವು ಕಲಿಯಬೇಕಾದದ್ದು ಇಷ್ಟು: ಎದುರಿನವನು ಕೂಗಾಡುತ್ತಿರುವಾಗ, "ನಾವು ಏನು ಹೇಳಿದೆವೆಂದು ನೀವು ಕೇಳಿದ್ದೀರಿ?" ಎಂದು ಮೊದಲು ವಿಚಾರಿಸಬೇಕು. ಅರ್ಧ ಜಗಳ ಅಲ್ಲೇ ಇಳಿಯುತ್ತದೆ.

ನಮ್ಮ ನಾಡಿನ ಕಡೆಗೇ ಬರೋಣ. ಮಂಗಳೂರಿನ ಕುದ್ಮುಲ್ ರಂಗರಾಯರು ವಕೀಲರು, ಮೇಲುಜಾತಿಯವರು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ 1892ರಲ್ಲಿ ಶಾಲೆ ತೆರೆದರು. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಬೀದಿಯಲ್ಲಿ ಅಪಮಾನ ಮಾಡಿದರು. ರಂಗರಾಯರು ವಾದ ಮಾಡುತ್ತ ಕೂರದೆ ಇನ್ನೊಂದು ಶಾಲೆ ತೆರೆದರು. ಜೊತೆಗೆ ಕೈಕೆಲಸ ಕಲಿಸುವ ವ್ಯವಸ್ಥೆ ಮಾಡಿದರು, ಬಡವರಿಗೆ ನಿವೇಶನ ದೊರಕಿಸಲು ಹೆಣಗಿದರು. 1928ರಲ್ಲಿ ತೀರಿಕೊಳ್ಳುವ ಮುಂಚೆ, ತಮ್ಮ ಶವವನ್ನು ಆ ಜನರೇ ಹೊರಬೇಕೆಂದು ಬಯಸಿದರು. ಮಾತಿಗೆ ಕಿವುಡಾದ ಊರಿಗೆ ಕೆಲಸವೇ ಮಾತಾಗುವುದು ಹೀಗೆ.

ಇನ್ನು ನಮ್ಮ ಚಳವಳಿಯ ಮನೆಮಾತಾದ ಕಾಗೋಡು. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ಗೇಣಿ ಅಳೆಯುವ ಕೊಳಗ ಎಷ್ಟು ಸೇರಿನದು ಎಂಬ ಪ್ರಶ್ನೆಯಿಂದ ಹೋರಾಟ ಹೊತ್ತಿಕೊಂಡಿತು. ಗೇಣಿ ರೈತರಲ್ಲಿ ಹೆಚ್ಚಿನವರು ದೀವರು. ರೈತಸಂಘ ಕಟ್ಟಿದ ಎಚ್. ಗಣಪತಿಯಪ್ಪನವರು ಮನೆಮನೆಗೆ ತಿರುಗಿದವರು. 1951ರ ಏಪ್ರಿಲಿನಲ್ಲಿ ಸತ್ಯಾಗ್ರಹ ಪ್ರಾರಂಭವಾಯಿತು. ಸಮಾಜವಾದಿ ಪಕ್ಷ ಬೆಂಬಲಕ್ಕೆ ನಿಂತಿತು. ಶಾಂತವೇರಿ ಗೋಪಾಲಗೌಡರು ಮುಂದಾಳಾದರು. ಸತ್ಯಾಗ್ರಹಿಗಳು ತಂಡ ತಂಡವಾಗಿ ಗದ್ದೆಗೆ ಇಳಿದು ದಸ್ತಗಿರಿಯಾದರು. ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಬಂದು ತಾವೂ ದಸ್ತಗಿರಿಯಾದರು.

ಈಗ ಯೋಚಿಸಿ: ಉಳುವವನಿಗೇ ಭೂಮಿ ಎಂಬ ಮಾತು ಆ ಹೊತ್ತಿಗೆ ಎಂತಹ ಮಾತು! ಒಡೆಯರಿಗೆ ಅದು ಕಳ್ಳತನ. ಪೇಟೆಯ ಮರ್ಯಾದಸ್ಥರಿಗೆ ಅದು ದಂಗೆ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ನಂಬಿ ಬಂದ ಎಷ್ಟೋ ರೈತರಿಗೇ ಅದು ಪಾಪದ ಮಾತು. ಗದ್ದೆ ಒಡೆಯರದು, ಕೊಟ್ಟದ್ದು ಅವರು, ಬಿಡಿಸಿಕೊಳ್ಳುವವರೂ ಅವರು ಎಂಬ ಭಾವನೆ ತಲೆಮಾರುಗಳಿಂದ ಬೇರೂರಿತ್ತು. ಅಲ್ಲಿನ ಕಾರ್ಯಕರ್ತರು ದೊಡ್ಡ ಸಿದ್ಧಾಂತವನ್ನೇ ಜಗಲಿಯ ಮೇಲೆ ಸುರಿಯಲಿಲ್ಲ. ಕೊಳಗವನ್ನು ಮುಂದಿಟ್ಟರು. ಅಳತೆ ಸರಿಯಾಗಿರಬೇಕೆಂಬುದನ್ನು ಯಾರು ಅಲ್ಲಗಳೆದಾರು? ರೈತ ತನ್ನ ಕಣಜದಲ್ಲೇ ಕಂಡ ಅನ್ಯಾಯದಿಂದ ಮಾತು ಹೊರಟಿತು. ಅಲ್ಲಿಂದ ಅದು ಭೂಮಿಯ ಒಡೆತನದವರೆಗೆ ತಾನೇ ನಡೆದು ಹೋಯಿತು. ಗುರುತಿಲ್ಲದವರ ಮುಂದೆ ಮಾತು ತೆಗೆಯುವಾಗ ಈ ಕೊಳಗವನ್ನು ನೆನಪಿಡಿ. ಪ್ರತಿ ಊರಿನಲ್ಲೂ ಒಂದು ಕೊಳಗವಿರುತ್ತದೆ. ಅದನ್ನು ಹುಡುಕಬೇಕಾದರೆ ಬಾಯಿಗಿಂತ ಕಿವಿ ಹೆಚ್ಚು ಕೆಲಸ ಮಾಡಬೇಕು.

ಆ ಹೋರಾಟ ಒಂದೇ ದಿನದಲ್ಲಿ ಗೆಲ್ಲಲಿಲ್ಲ. 1952ರ ಚುನಾವಣೆಯಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ಗೋಪಾಲಗೌಡರು ಆರಿಸಿ ಬಂದರು. ಮುಂದೆ 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಆದರೆ ಗೇಣಿ ಪದ್ಧತಿಯನ್ನು ಬುಡಸಹಿತ ಕಿತ್ತ ತಿದ್ದುಪಡಿ ಕಾಯಿದೆ, ದೇವರಾಜ ಅರಸರ ಸರ್ಕಾರದಲ್ಲಿ, ಜಾರಿಗೆ ಬಂದದ್ದು 1974ರ ಮಾರ್ಚಿ 1ರಂದು. ಗೌಡರು 1972ರಲ್ಲೇ ತೀರಿಕೊಂಡಿದ್ದರು. ದಂಗೆಯ ಮಾತೆಂದು ಬಯ್ಯಿಸಿಕೊಂಡದ್ದು ಇಪ್ಪತ್ತಮೂರು ವರ್ಷಗಳಲ್ಲಿ ರಾಜ್ಯದ ಕಾನೂನಾಯಿತು. ಏಳನೇ ನಮೂನೆಯ ಅರ್ಜಿ ಹಿಡಿದು ರೈತರು ಭೂನ್ಯಾಯ ಮಂಡಳಿಯ ಮುಂದೆ ಸಾಲು ನಿಂತರು. ಇಂದು ಬಾಗಿಲು ಹಾಕಿಕೊಂಡವನ ಮಗ ನಾಳೆ ಬಾಗಿಲು ತೆರೆದಾನು.

ಕಠಿಣ ಮಾತಿನ ವಿಷಯದಲ್ಲೂ ಒಂದು ಪ್ರಸಂಗ ಹೇಳಬೇಕು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂಬರ್ಥದ ಮಾತಾಡಿದರು. ರಾಜ್ಯವೇ ಹೊತ್ತಿ ಉರಿಯಿತು. ದಲಿತ ವಿದ್ಯಾರ್ಥಿಗಳು ಹಲ್ಲೆಗೆ ಒಳಗಾದರು. ಸಚಿವರು ರಾಜೀನಾಮೆ ಕೊಡಬೇಕಾಯಿತು. ನಮ್ಮ ಬದುಕು ನಿಮ್ಮ ಸಾಹಿತ್ಯದಲ್ಲಿ ಎಲ್ಲಿದೆ ಎಂಬ ಪ್ರಶ್ನೆ ಆ ಒಂದು ಶಬ್ದದ ಗದ್ದಲದಲ್ಲಿ ಆಗ ಹೂತುಹೋಯಿತು. ಆದರೆ ಅದು ಸಾಯಲಿಲ್ಲ. ಅದೇ ಪ್ರಶ್ನೆ ಹಿಡಿದು ಕೆಲವೇ ವರ್ಷಗಳಲ್ಲಿ ದಲಿತ ಚಳವಳಿ, ದಲಿತ ಸಾಹಿತ್ಯ ಎದ್ದು ನಿಂತವು. ನೊಂದವನು ಆಡುವ ಕಠಿಣ ಮಾತನ್ನು ಅಳೆಯುವ ಅಧಿಕಾರ ನಮಗಿಲ್ಲ. ಆದರೆ ನೋವನ್ನು ವಿವರಿಸಲು ಹೊರಟ ಕಾರ್ಯಕರ್ತ, ವಿರೋಧಿಯ ಕೈಗೆ ತಾನಾಗಿ ಹಿಡಿ ಹಾಕಿಕೊಟ್ಟು ಕತ್ತಿ ನೀಡಬೇಕಾಗಿಲ್ಲ.

ಈಗ ಸದ್ಯದ ಕೆಲಸ. 2020ರ ತಿದ್ದುಪಡಿಯಿಂದ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳು ರದ್ದಾದವು. ಬೇಸಾಯಗಾರರಲ್ಲದವರೂ ಹಣವಂತರೂ ಕೃಷಿಭೂಮಿ ಕೊಳ್ಳಲು ಇದ್ದ ಅಡ್ಡಿ ಹೋಯಿತು. ಇದು ತಪ್ಪೆಂದು ನೀವು ಹಳ್ಳಿಯಲ್ಲಿ ಹೇಳುವಾಗ ಎದ್ದು ನಿಲ್ಲುವವನು ದೊಡ್ಡ ಜಮೀನುದಾರನಲ್ಲ, ಎರಡೆಕರೆಯ ರೈತ. "ನನ್ನ ಜಮೀನಿಗೆ ಒಳ್ಳೆಯ ಬೆಲೆ ಬರುತ್ತದೆ. ಸಾಲ ತೀರಿಸಿ, ಮಗಳ ಮದುವೆ ಮಾಡುತ್ತೇನೆ. ಬೇಡವೆನ್ನಲು ನೀವ್ಯಾರು?" ಎನ್ನುತ್ತಾನೆ. ಸಂಗಾತಿಗಳೆ, ಈ ಮಾತನ್ನು ಬಂಡವಾಳಶಾಹಿಯ ಮಾತೆಂದು ತಳ್ಳಿಹಾಕಬೇಡಿ. ಅದರಲ್ಲಿ ಸತ್ಯವಿದೆ. ಬೆಳೆಗೆ ನ್ಯಾಯವಾದ ಬೆಲೆ ಇಲ್ಲದ ಕಡೆ ಭೂಮಿಗಾದರೂ ಬೆಲೆ ಬರಲಿ ಎಂಬ ಸಂಕಟ ಅದು. ಮೊದಲು ಅವನ ಮಾತನ್ನು ಅವನೇ ಹೌದೆನ್ನುವಂತೆ ತಿರುಗಿ ಹೇಳಿ. ಆಮೇಲೆ ಕೇಳಿ: ಭೂಮಿಯ ಬೆಲೆ ಒಂದು ಸಲ ಬರುತ್ತದೆ, ಅದು ತೀರಿದ ಮೇಲೆ ಮಗನಿಗೆ ಏನು ಆಧಾರ? ಪಕ್ಕದ ಹೊಲಕ್ಕೆ ಬೇಲಿ ಬಿದ್ದರೆ ನಿಮ್ಮ ದನದ ದಾರಿ, ನೀರಿನ ದಾರಿ ಏನಾದೀತು? ಕೂಲಿಗೆ ಬರುವವರು ಎಲ್ಲಿಗೆ ಹೋಗಬೇಕು? ಬೆಳೆಯ ಬೆಲೆಗೂ ಕಡಿಮೆ ಬಡ್ಡಿಯ ಸಾಲಕ್ಕೂ ನಾವು ಹೋರಾಡದೆ, ಭೂಮಿ ಮಾರಬೇಡ ಎಂದಷ್ಟೇ ಉಪದೇಶಿಸಿದರೆ ಅವನ ಸಿಟ್ಟು ನ್ಯಾಯವಾದದ್ದೇ ಆಗುತ್ತದೆ.

ಕೆಲವು ನಡೆವಳಿಕೆಯ ಮಾತುಗಳನ್ನು ಹೇಳಿ ಮುಗಿಸುತ್ತೇವೆ. ನಾಟಿಯ ದಿನ, ಸಾವಿನ ಮನೆಯ ದಿನ ಊರಿಗೆ ಭಾಷಣ ಹೊತ್ತು ಹೋಗಬೇಡಿ. ಹೋದ ಕೂಡಲೇ ಹೆಸರು, ಊರು, ಪಕ್ಷ, ಬಂದ ಕಾರಣ ನಾಲ್ಕನ್ನೂ ಹೇಳಿಬಿಡಿ. ಮುಚ್ಚುಮರೆಯೇ ಅನುಮಾನದ ತಾಯಿ. ಮೊದಲು ಯಾರ ಜಗಲಿಯ ಮೇಲೆ ಕುಳಿತಿರಿ, ಯಾರ ಮನೆಯ ನೀರು ಕುಡಿದಿರಿ ಎಂಬುದನ್ನು ಇಡೀ ಊರು ನೋಡುತ್ತಿರುತ್ತದೆ. ಕೇರಿಯನ್ನು ಕೊನೆಗೆ ಇಟ್ಟುಕೊಂಡವನ ಸಮತೆಯ ಮಾತನ್ನು ಯಾರೂ ನಂಬುವುದಿಲ್ಲ. ಹಿರಿಯರನ್ನು ಬಹುವಚನದಿಂದಲೇ ಮಾತಾಡಿಸಿ. ಧಣಿಗೆ ತಾವು, ಕೂಲಿಯವನಿಗೆ ನೀನು ಎನ್ನುವ ನಾಲಗೆ ನಮ್ಮದಾಗಬಾರದು. ಬಯ್ದವರಿಗೆ ತಿರುಗಿ ಬಯ್ಯಬೇಡಿ. ಕೈ ಎತ್ತಿದರೆ ನೀವು ಕೈ ಎತ್ತದೆ ಹಿಂದೆ ಸರಿಯಿರಿ; ಆದರೆ ಬಯ್ಗುಳ ಬೇರೆ, ಹಲ್ಲೆ ಬೇರೆ. ಜೀವಕ್ಕೆ, ಮಾನಕ್ಕೆ ಅಪಾಯವಾದಾಗ, ಮುಖ್ಯವಾಗಿ ನಮ್ಮ ಸೋದರಿಯರಿಗೆ, ಕಾನೂನಿನ ನೆರವು ಪಡೆಯುವುದು ಹೇಡಿತನವಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಸಂಜೆಯ ಬಸ್ಸು ಹಿಡಿದು ನಾವು ಬಂದುಬಿಡುತ್ತೇವೆ. ನಮ್ಮ ಮಾತಿಗೆ ತಲೆದೂಗಿದವನು ಆ ಊರಲ್ಲೇ ಉಳಿಯುತ್ತಾನೆ. ನಮಗೆ ಬಿದ್ದದ್ದು ನಾಲ್ಕು ಬಯ್ಗುಳ. ಅವನಿಗೆ ಬೀಳುವುದು ಕೂಲಿಯ ಕಡಿತ, ಸಾಲದ ತಗಾದೆ, ಬಾವಿಕಟ್ಟೆಯಲ್ಲಿ ಅವನ ಹೆಂಡತಿಗೆ ಚುಚ್ಚುಮಾತು. ಕಾಗೋಡಿನಲ್ಲೂ ನೆಲ ಕಳೆದುಕೊಳ್ಳುವ ಅಪಾಯ ಹೊತ್ತವರು ರೈತರೇ. ಆದ್ದರಿಂದ ಅವನನ್ನು ಸಭೆಯಲ್ಲಿ ಎಬ್ಬಿಸಿ ನಿಲ್ಲಿಸಬೇಡಿ, ಅವನ ಹೆಸರನ್ನು ಅವನ ಒಪ್ಪಿಗೆಯಿಲ್ಲದೆ ಎಲ್ಲೂ ಹೇಳಬೇಡಿ. ಒಂದು ವಾರದೊಳಗೆ ಅದೇ ಊರಿಗೆ ಮತ್ತೆ ಹೋಗಿ. ಕಷ್ಟ ಬಂದಾಗ ಜೊತೆಗೆ ನಿಲ್ಲಲಾಗದಿದ್ದರೆ, ಅವನ ಎದೆಯಲ್ಲಿ ಆಸೆ ಹುಟ್ಟಿಸುವ ಹಕ್ಕೂ ನಮಗಿಲ್ಲ.

ಮಾತು ಸ್ವತಂತ್ರವಾಗಿರಬೇಕು, ಕೃತಿ ಶಿಸ್ತಿಗೆ ಒಳಪಟ್ಟಿರಬೇಕು ಎಂಬುದು ಲೋಹಿಯಾ ಅವರು ಪಕ್ಷಕ್ಕೆ ಕಲಿಸಿದ ತತ್ತ್ವ. ಸಂವಿಧಾನದ 19ನೆಯ ವಿಧಿ ಕೊಟ್ಟ ಮಾತಿನ ಹಕ್ಕು ನಮಗೆ ಮಾತ್ರ ಸೇರಿದ್ದಲ್ಲ. ನಮ್ಮನ್ನು ವಿರೋಧಿಸುವವನಿಗೂ ಸೇರಿದ್ದು. ನಾಳೆ ಬೇರೆ ಪಕ್ಷದ ಹುಡುಗನೊಬ್ಬ ನಮ್ಮ ಜಗಲಿಗೆ ಬಂದು ನಮಗೆ ಸರಿಬಾರದ ಮಾತಾಡಿದರೆ, ಅವನಿಗೆ ಕೂರಲು ಚಾಪೆ, ಕುಡಿಯಲು ನೀರು ಕೊಟ್ಟು, ಪೂರ್ತಿ ಕೇಳಿ, ಆಮೇಲೆ ಉತ್ತರ ಹೇಳಬೇಕು. ಊರಿನಿಂದ ನಾವು ಯಾವ ತಾಳ್ಮೆ ಬೇಡುತ್ತೇವೆಯೋ ಅದನ್ನು ನಮ್ಮ ಮನೆಯಲ್ಲಿ ಇಟ್ಟುಕೊಂಡಿರಬೇಕಲ್ಲವೆ?

ಕರಪತ್ರಗಳು ಕಚೇರಿಯಲ್ಲಿ ಸಿದ್ಧವಾಗಿವೆ. ಯಾವ ಜೋಡಿ ಯಾವ ಹೋಬಳಿಗೆ ಎಂಬ ಪಟ್ಟಿಯನ್ನು ಗೋಡೆಗೆ ಅಂಟಿಸಲಾಗಿದೆ. ಬೆಳಗಿನ ಮೊದಲ ಬಸ್ಸಿಗೇ ಹೊರಡಿರಿ. ಹಿಂದಿರುಗಿದ ಮೇಲೆ ಎಷ್ಟು ಜನ ಒಪ್ಪಿದರು ಎಂಬ ಲೆಕ್ಕಕ್ಕಿಂತ ಮೊದಲು, ಒಪ್ಪದವರು ಏನು ಹೇಳಿದರು ಎಂಬ ವರದಿಯನ್ನು ಬರೆದು ಕೊಡಿರಿ. ಮುಂದಿನ ಸಭೆಯಲ್ಲಿ ಅದನ್ನೇ ಓದೋಣ.