ಗುಲಗಂಜಿಯ ತೂಕ

ತಿರುಮಕೂಡಲು ನರಸೀಪುರದ ಗುಂಜಾನರಸಿಂಹಸ್ವಾಮಿಯ ದರ್ಶನವನ್ನು ನಿಮ್ಮಲ್ಲಿ ಅನೇಕರು ಮಾಡಿರಬಹುದು. ಕಾವೇರಿ ಕಪಿಲೆಯರು ಕೂಡುವ ಆ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯಷ್ಟು ತೂಕ ಹೆಚ್ಚಿನದೆಂಬ ಪ್ರತೀತಿ ನಮ್ಮ ಕಡೆ ಬಹುಕಾಲದಿಂದ ನಡೆದುಬಂದಿದೆ. ಸ್ವಾಮಿಗೆ ಆ ಹೆಸರು ಬಂದುದೂ ಗುಲಗಂಜಿಯಿಂದಲೇ. ಅಕ್ಕಸಾಲಿಗರ ತಕ್ಕಡಿಯಲ್ಲಿ ಒಂದು ಗುಲಗಂಜಿ ಎಂದರೆ ಸುಮಾರು 0.12 ಗ್ರಾಂ. ಅಷ್ಟನ್ನೂ ಲೆಕ್ಕಕ್ಕೆ ಹಿಡಿದ ಹಿರಿಯರ ನಾಡಿನವರು ನಾವು. ಆದರೆ ವಾಹನದ ಮೇಲೆ ನೂರಿನ್ನೂರು ಕಿಲೋ ಹೆಚ್ಚಾಗಿ ಹೇರುವಾಗ 'ಇರಲಿ, ತಡೆಯುತ್ತೆ' ಎಂದುಬಿಡುತ್ತೇವೆ. ಈ 'ತಡೆಯುತ್ತೆ' ಎಂಬ ಮಾತನ್ನು ಕುರಿತು ಈ ದಿನ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಾನು ಪಾಠ ಹೇಳುವ ಊರಿಗೆ ಸಮೀಪದಲ್ಲಿಯೇ ಚಿಕ್ಕಯ್ಯನಛತ್ರವಿದೆ. ನಂಜನಗೂಡು ತಾಲ್ಲೂಕಿನ ಒಂದು ಹೋಬಳಿ ಅದು. ಸಂಸ್ಕೃತದಲ್ಲಿ ಛತ್ರವೆಂದರೆ ಕೊಡೆ. ಸತ್ರವೆಂದರೆ ದಾರಿಗರಿಗೆ ಅನ್ನವಿಡುವ ಮನೆ. ನಮ್ಮ ಆಡುಮಾತಿನಲ್ಲಿ ಎರಡೂ ಬೆರೆತು ಒಂದಾಗಿವೆ. ಹಿಂದಿನವರು ಬುತ್ತಿ ಕಟ್ಟಿಕೊಂಡು ಹೊರಟು ಛತ್ರದಲ್ಲಿ ತಂಗುತ್ತಿದ್ದರು. ಈಗ ಛತ್ರವೇ ಗಾಲಿಯ ಮೇಲೆ ಏರಿದೆ. ಮಲಗುವ ಹಾಸಿಗೆ, ಒಲೆ, ನೀರಿನ ತೊಟ್ಟಿ, ಬಚ್ಚಲು ಎಲ್ಲವೂ ಒಳಗೇ ಇರುವ ಪ್ರವಾಸದ ವಾಹನಗಳು ಅಮೆರಿಕದಲ್ಲಿ ಲಕ್ಷಗಟ್ಟಲೆ ಇವೆ. ಕ್ಯಾರವಾನ್ ಎಂಬ ಹೆಸರಿನಲ್ಲಿ ನಮ್ಮ ದೇಶದ ರಸ್ತೆಗಳಲ್ಲಿಯೂ ಅವು ಕಾಣಿಸಿಕೊಳ್ಳತೊಡಗಿವೆ.

ಅಮೆರಿಕದಲ್ಲಿ ಇಂಥ ವಾಹನಗಳನ್ನು ತಯಾರಿಸಿದವರು ಕೆಲವು ವೇಳೆ ಮಾರಿದ ಗಾಡಿಗಳನ್ನು ಕುರಿತು ಹಿಂಕರೆಯ ಪ್ರಕಟಣೆ ಹೊರಡಿಸುತ್ತಾರೆ. ಅಚ್ಚು ಮುರಿದಿರುವುದಿಲ್ಲ, ಬ್ರೇಕು ಕೆಟ್ಟಿರುವುದಿಲ್ಲ. ಬಾಗಿಲ ಬಳಿ ಅಂಟಿಸಿದ ಚೀಟಿಯಲ್ಲಿ ತೂಕದ ಅಂಕಿಯೋ ಟೈರಿನ ಅಳತೆಯೋ ಗಾಳಿಯ ಒತ್ತಡವೋ ತಪ್ಪಾಗಿ ಅಚ್ಚಾಗಿರುತ್ತದೆ, ಅಷ್ಟೆ. ಅನೇಕ ವೇಳೆ ಪರಿಹಾರವೂ ಅಷ್ಟೇ ಸರಳ: ಸರಿಯಾದ ಚೀಟಿಯನ್ನು ಒಡೆಯನಿಗೆ ಬಿಟ್ಟಿಯಾಗಿ ಕಳುಹಿಸುತ್ತಾರೆ. ಒಂದು ಚೀಟಿಗಾಗಿ ಇಷ್ಟು ಗದ್ದಲವೇ ಎಂದು ನೀವು ನಗಬಹುದು. ನಾನೂ ಒಮ್ಮೆ ನಕ್ಕವನೇ. ಆದರೆ ಚೀಟಿ ಎಂದರೇನೆಂಬುದನ್ನು ಸ್ವಲ್ಪ ಯೋಚಿಸೋಣ.

ನಿಮ್ಮ ಅಡಿಗೆಮನೆಯ ಸಿಲಿಂಡರನ್ನೇ ನೋಡಿ. ಬರಿಯ ಉಕ್ಕಿನ ತೂಕವೆಷ್ಟೆಂದು ಅದರ ಮೇಲೆಯೇ ಬರೆದಿದೆ. ಒಳಗಿರುವ ಅನಿಲ 14.2 ಕಿಲೋ. ಈ ಎರಡನ್ನು ಕೂಡಿದರೆ ಬಂದ ಸಿಲಿಂಡರು ತುಂಬಿದೆಯೋ ಇಲ್ಲವೋ ತೂಗಿ ತಿಳಿಯಬಹುದು. ಬರೆದ ಅಂಕಿಯೇ ತಪ್ಪಾದರೆ ತಕ್ಕಡಿ ಇದ್ದೂ ಪ್ರಯೋಜನವಿಲ್ಲ. ಪ್ರವಾಸದ ವಾಹನಕ್ಕೆ ಬಂದರೆ, ಅದನ್ನು ಮನೆಯಲ್ಲಿ ತೂಗಲು ಯಾರಿಂದಲೂ ಸಾಧ್ಯವಿಲ್ಲ. ಜನ, ಸಾಮಾನು ಸೇರಿ ಇಷ್ಟು ಕಿಲೋ ಮೀರಬಾರದೆಂದು ಚೀಟಿ ಹೇಳುತ್ತದೆ, ಒಡೆಯ ನಂಬುತ್ತಾನೆ. ಇನ್ನೂರು ಲೀಟರಿನ ತೊಟ್ಟಿ ತುಂಬಿದರೆ ಇನ್ನೂರು ಕಿಲೋ ಭಾರ ಏರಿತು. ಅಂಕಿ ತಪ್ಪಿದ್ದರೆ, ನಿಯಮ ಪಾಲಿಸಿದವನೇ ಅಪಾಯಕ್ಕೆ ಗುರಿಯಾಗುತ್ತಾನೆ. ನಿಯಮ ಮೀರಿದವನಿಗೆ ಕೇಡಾದರೆ ಅವನನ್ನು ದೂರಬಹುದು. ಪಾಲಿಸಿದವನಿಗೇ ಕೇಡಾದರೆ ಯಾರನ್ನು ದೂರೋಣ?

ಟೈರು ಹೊರುವುದು ರಬ್ಬರಿನ ಬಲದಿಂದಲ್ಲ, ಮುಖ್ಯವಾಗಿ ಒಳಗೆ ತುಂಬಿದ ಗಾಳಿಯ ಬಲದಿಂದ. ಗಾಳಿ ಕಡಮೆಯಾದರೆ ಅಥವಾ ಹೊರೆ ಹೆಚ್ಚಾದರೆ, ಪ್ರತಿ ಸುತ್ತಿನಲ್ಲಿಯೂ ಅದರ ಪಕ್ಕಗಳು ಬಾಗಿ ಬಾಗಿ ಏಳುತ್ತವೆ. ಒಂದು ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಿದ್ದರೆ ಅದು ಬಿಸಿಯಾಗುವುದನ್ನು ಮಕ್ಕಳೂ ಬಲ್ಲರು. ಟೈರಿನಲ್ಲಿಯೂ ನಡೆಯುವುದು ಅದೇ. ಬೇಸಗೆಯ ರಸ್ತೆಯ ಕಾವು, ವೇಗದ ಕಾವು ಇದಕ್ಕೆ ಸೇರಿ, ರಬ್ಬರಿಗೂ ಒಳಗಿನ ಉಕ್ಕಿನ ಎಳೆಗಳಿಗೂ ಇರುವ ಬೆಸುಗೆ ಬಿಡುತ್ತದೆ. ಆಮೇಲೆ ಟೈರು ಸಿಡಿಯುವುದಕ್ಕೆ ಕ್ಷಣ ಸಾಕು.

2000ನೆಯ ಇಸವಿಯ ಆಗಸ್ಟಿನಲ್ಲಿ ಅಮೆರಿಕದ ಫೈರ್‌ಸ್ಟೋನ್ ಕಂಪೆನಿ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಯಿತು. ಅವುಗಳಲ್ಲಿ ಬಹುಪಾಲು ಫೋರ್ಡ್ ಕಂಪೆನಿಯ ಎಕ್ಸ್‌ಪ್ಲೋರರ್ ವಾಹನದಲ್ಲಿ ಬಳಕೆಯಾಗಿದ್ದವು. ಟೈರಿನ ಮೇಲ್ಪದರ ಕಿತ್ತುಹೋಗಿ ಗಾಡಿಗಳು ಮಗುಚಿಬಿದ್ದಿದ್ದವು. ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆಗೆ ಬಂದ ದೂರುಗಳಲ್ಲಿ ಸಾವಿನ ಲೆಕ್ಕ 271ಕ್ಕೆ ಮುಟ್ಟಿತು. ಟೈರಿನಲ್ಲಿಯೇ ದೋಷವಿತ್ತೆಂಬುದು ತನಿಖೆಯಲ್ಲಿ ತಿಳಿದುಬಂದಿತು. ಅದರ ಜೊತೆಗೆ ಇನ್ನೊಂದು ವಾದವೂ ಎದ್ದಿತು. ಗಾಡಿಯವರು ಹೇಳಿದ್ದ ಗಾಳಿ ಚದರ ಅಂಗುಲಕ್ಕೆ 26 ಪೌಂಡು. ಟೈರಿನವರು, 30 ಇರಬೇಕಾಗಿತ್ತೆಂದರು. ನಾಲ್ಕು ಪೌಂಡಿನ ಅಂತರ! ಆ ವರ್ಷದ ನವೆಂಬರಿನಲ್ಲಿಯೇ ಅಮೆರಿಕ ಹೊಸ ಕಾನೂನು ಮಾಡಿ ಟೈರುಗಳ ನಿಯಮಗಳನ್ನು ಬಿಗಿಗೊಳಿಸಿತು. ಆ ಚೀಟಿಗಳ ಹಿಂದೆ ಇಷ್ಟು ಸಾವುಗಳ ನೆನಪಿದೆ.

ನಮ್ಮಲ್ಲಿಯೂ ಕಾನೂನಿಲ್ಲವೆಂದು ತಿಳಿಯಬೇಡಿ. 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಿಂದ, ದೋಷವುಳ್ಳ ವಾಹನಗಳನ್ನು ಹಿಂದಕ್ಕೆ ಕರೆಯಿರೆಂದು ತಯಾರಕರಿಗೆ ಆಜ್ಞೆಮಾಡುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಬಂದಿದೆ. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಸಾಗಾಣಿಕೆಯ ವಾಹನದ ನೋಂದಣಿ ಪತ್ರದಲ್ಲಿ ಬರಿಗಾಡಿಯ ತೂಕ, ಒಟ್ಟು ತೂಕ, ಅಚ್ಚಿನ ಮೇಲಿನ ಭಾರ, ಟೈರುಗಳ ಸಂಖ್ಯೆ ಮತ್ತು ಅಳತೆ ಇವೆಲ್ಲ ಇರಬೇಕೆಂಬ ವಿಧಿಯೂ ಉಂಟು. ಬರೆದದ್ದು ಉಂಟು, ಓದುವವರು ಬೇಕು.

ಓದದವರಲ್ಲಿ ನಾನೂ ಒಬ್ಬನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಮಕ್ಕಳನ್ನು ಸೋಮನಾಥಪುರ, ತಲಕಾಡು, ನರಸೀಪುರಗಳ ಪ್ರವಾಸಕ್ಕೆ ಕರೆದೊಯ್ದಿದ್ದೆ. ಬಾಡಿಗೆಯ ವ್ಯಾನು, ಮಕ್ಕಳ ಜೊತೆಗೆ ಅಡಿಗೆಯ ಪಾತ್ರೆಗಳು, ನೀರಿನ ಕ್ಯಾನುಗಳು. ಹಿಂತಿರುಗುವಾಗ ಮಧ್ಯಾಹ್ನದ ಬಿಸಿಲಿನಲ್ಲಿ ಹಿಂದಿನ ಟೈರು ಸಿಡಿಯಿತು. ಗಾಡಿ ಓಲಾಡಿ ಹೊಲದ ಬದುವಿಗೆ ತಾಗಿ ನಿಂತಿತು. ದೇವರ ದಯೆ, ಪ್ರಾಣಾಪಾಯವಾಗಲಿಲ್ಲ; ಆದರೆ ಒಂದು ಹುಡುಗಿಯ ಬಲಗೈ ಮಣಿಕಟ್ಟು ಮುರಿಯಿತು. ಪಂಕ್ಚರ್ ಅಂಗಡಿಯವನು ಬಂದು ಬಾಗಿಲ ಬಳಿಯ ಚೀಟಿಯನ್ನೂ ಟೈರನ್ನೂ ತೋರಿಸಿದ. ಚೀಟಿಯಲ್ಲಿದ್ದುದು ಒಂದು ಅಳತೆ, ಗಾಲಿಯಲ್ಲಿದ್ದುದು ಅದಕ್ಕಿಂತ ಕಡಮೆ ಭಾರ ಹೊರುವ ಬೇರೊಂದು ಅಳತೆ. ಯಾರೋ ಎಂದೋ ಅಗ್ಗಕ್ಕೆ ಸಿಕ್ಕಿತೆಂದು ಹಾಕಿಸಿದ್ದರು. ಚಾಲಕನು ಚೀಟಿ ನೋಡಿಯೇ ಗಾಳಿ ತುಂಬಿದ್ದ.

ಆಸ್ಪತ್ರೆಯಲ್ಲಿ ಆ ಮಗುವಿನ ತಂದೆ ನನ್ನನ್ನು ಬಯ್ಯಲಿಲ್ಲ. "ನೀವು ಜೊತೇಲಿದ್ದೀರಿ ಅಂತ ಕಳಿಸಿದ್ದು, ಮೇಷ್ಟ್ರೇ" ಎಂದಷ್ಟೇ ಹೇಳಿದರು. ಮೂವತ್ತು ವರ್ಷ ಮಕ್ಕಳ ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದಿದವನು ನಾನು. ಮಕ್ಕಳ ಪ್ರಾಣವನ್ನು ಹೊತ್ತಿದ್ದ ಆ ನಾಲ್ಕು ಅಂಕಿಗಳನ್ನು ಓದಿರಲಿಲ್ಲ. ಆ ಸಲದ ಪರೀಕ್ಷೆಯನ್ನು ಆ ಹುಡುಗಿ ಬರೆಯಲಾಗಲಿಲ್ಲ.

ಅಂದಿನಿಂದ ಕಲಿತುದನ್ನು ನಿಮಗೂ ಹೇಳುತ್ತೇನೆ. ಕಾರಿನ ಚಾಲಕನ ಬಾಗಿಲ ಕಂಬದ ಮೇಲೆ, ಇಲ್ಲವೆ ಪೆಟ್ರೋಲು ಮುಚ್ಚಳದ ಒಳಗಡೆ, ಟೈರಿನ ಅಳತೆ ಮತ್ತು ಗಾಳಿಯ ಚೀಟಿ ಸಾಮಾನ್ಯವಾಗಿ ಇರುತ್ತದೆ. ಗಾಡಿ ತುಂಬಿದಾಗ ಎಷ್ಟು ಗಾಳಿ ಬೇಕೆಂಬುದನ್ನು ಹಲವು ಚೀಟಿಗಳಲ್ಲಿ ಬೇರೆಯಾಗಿ ಕೊಟ್ಟಿರುತ್ತಾರೆ. ಟೈರು ತಣ್ಣಗಿರುವಾಗ ಅದನ್ನು ನೋಡಿ ಗಾಳಿ ಹಾಕಿಸಿ. ಟೈರಿನ ಮೇಲೆಯೇ ಅಚ್ಚೊತ್ತಿರುವ ಗರಿಷ್ಠ ಒತ್ತಡವು ಮೀರಬಾರದ ಎಲ್ಲೆ, ತುಂಬಬೇಕಾದ ಅಳತೆಯಲ್ಲ. ಅಳತೆಯ ಮುಂದೆ ಒಂದು ಅಂಕಿ, ಒಂದು ಅಕ್ಷರ ಇರುತ್ತವೆ. ಅಂಕಿ 85 ಆದರೆ ಆ ಟೈರು ಹೊರಬಲ್ಲ ಗರಿಷ್ಠ ಭಾರ 515 ಕಿಲೋ. ಅಕ್ಷರ ವೇಗದ ಮಿತಿಯನ್ನು ಹೇಳುತ್ತದೆ. ಹೊಸ ಟೈರು ಹಾಕಿಸುವಾಗ ಈ ಅಂಕಿ ಮೊದಲಿನದಕ್ಕಿಂತ ಕಡಮೆಯಾಗಬಾರದು. ತಯಾರಾದ ಕಾಲಕ್ಕೂ ನಾಲ್ಕು ಅಂಕಿಗಳಿವೆ: 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರ. ಹೆಚ್ಚುವರಿ ಟೈರನ್ನೂ ಮರೆಯಬೇಡಿ. ಬಾಡಿಗೆಯ ಗಾಡಿಯಾದರೆ ಚಾಲಕನನ್ನು ಕೇಳಲು ಸಂಕೋಚ ಬೇಡ. ತೆಂಗಿನಕಾಯಿ ಒಡೆದು ಹೊರಡುವ ಮುನ್ನ ಐದು ನಿಮಿಷ ಸಾಕು.

ಬರೆದವನು ಸರಿಯಾಗಿ ಬರೆಯಬೇಕು. ತಪ್ಪಿದರೆ ಊರೆಲ್ಲ ಕೂಗಿ ಹೇಳಿ ತಿದ್ದಬೇಕು. ಅದರಲ್ಲಿ ಅವಮಾನವಿಲ್ಲ, ಅದು ಮರ್ಯಾದೆಯ ಕೆಲಸ. ಓದುವವನು ನಿಂತು ಓದಬೇಕು. ಈ ಎರಡೂ ಕೂಡಿದಾಗಲೇ ದಾರಿ ಕ್ಷೇಮ. ಮುಂದಿನ ಬಾರಿ ನೀವು ಸಂಗಮಕ್ಕೆ ಹೋದಾಗ ಸ್ವಾಮಿಯ ಗುಲಗಂಜಿಯನ್ನು ನೆನೆಯಿರಿ. ಆದರೆ ಮನೆಯಿಂದ ಹೊರಡುವಾಗಲೇ ಒಮ್ಮೆ ಬಗ್ಗಿ ಗಾಲಿಯನ್ನು ನೋಡಿರಿ.