ಫೋನು ಅಪ್‌ಡೇಟ್ ಕೇಳಿದಾಗ ಸಂಘದ ಅಕ್ಕಂದಿರು ಏನು ಮಾಡಬೇಕು?

(ಕವಲಂದೆಯಲ್ಲಿ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಕೂಲಿ ಬಿಟ್ಟು, ಹಸುವಿಗೆ ಮೇವು ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸಿ ಬಂದಿದ್ದೀರಿ. ಆದ್ದರಿಂದ ಭಾಷಣ ಉದ್ದ ಮಾಡುವುದಿಲ್ಲ. ಇವತ್ತು ಸಾಲ, ಬಡ್ಡಿ, ಮರುಪಾವತಿಯ ವಿಷಯ ಅಲ್ಲ. ನಿಮ್ಮ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೀರಲ್ಲ, ಆ ಫೋನಿನ ವಿಷಯ. ಆದರೆ ಕೊನೆಗೆ ಅದು ಸಾಲ, ಉಳಿತಾಯದ ಹತ್ತಿರವೇ ಬಂದು ನಿಲ್ಲುತ್ತದೆ, ನೋಡಿ.

2025ರ ಆಗಸ್ಟ್ ತಿಂಗಳನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ಎಷ್ಟೋ ಜನರ ಫೋನಿನಲ್ಲಿ ಕರೆ ಬರುವ ಪರದೆಯೇ ಬೇರೆ ಆಗಿತ್ತು. ಬೆರಳು ಮೇಲಕ್ಕೆ ಎಳೆದು ಫೋನು ಎತ್ತುತ್ತಿದ್ದವರಿಗೆ ಪಕ್ಕಕ್ಕೆ ಎಳೆಯಬೇಕು ಅಂತ ಗೊತ್ತಾಗಲಿಲ್ಲ. ಗಂಟೆ ಹೊಡೀತಾನೇ ಇದೆ, ಎತ್ತೋಕೆ ಆಗ್ತಿಲ್ಲ. ಒಬ್ಬ ಅಕ್ಕ ನನ್ನ ಹತ್ತಿರ ಬಂದು, "ಯಾರೋ ನನ್ನ ಫೋನ್ ಹ್ಯಾಕ್ ಮಾಡವ್ರೆ ಕಣಮ್ಮ, ಬ್ಯಾಂಕಿಗೆ ಹೋಗಿ ದುಡ್ಡೆಲ್ಲಾ ತೆಗೆದುಬಿಡ್ಲಾ?" ಅಂದರು. ಇನ್ನೊಬ್ಬರು ಮಗನಿಗೆ ಬೈದಿದ್ದರು, ಅವನೇ ಏನೋ ಒತ್ತಿ ಕೆಡಿಸಿದ್ದಾನೆ ಅಂತ. ಪಾಪ, ಹುಡುಗನ ತಪ್ಪೇನೂ ಇರಲಿಲ್ಲ. ಗೂಗಲ್ ಕಂಪನಿ ತನ್ನ 'ಫೋನ್' ಅನ್ನುವ ಆ್ಯಪ್‌ಗೆ ಹೊಸ ರೂಪ ಕೊಟ್ಟಿತ್ತು. ಅದು ನಮ್ಮನ್ನು ಕೇಳದೆ ತಾನಾಗೇ ಬಂದು ಕೂತಿತ್ತು. ನಮ್ಮ ಊರಿನಲ್ಲಿ ಮಾತ್ರ ಅಲ್ಲ, ದೇಶದ ತುಂಬಾ ಜನ ಅದೇ ವಾರ ಗಾಬರಿಯಾಗಿದ್ದರು. ಆ ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋದರೆ ಎಳೆಯುವ ಬದಲು ಸುಮ್ಮನೆ ಒಂದು ಸಲ ಮುಟ್ಟಿ ಎತ್ತುವ ಹಾಗೆ ಮಾಡಿಕೊಳ್ಳಬಹುದಿತ್ತು. ಹಳೆಯ ರೂಪವೇ ಬೇಕು ಅನ್ನುವವರು ಪ್ಲೇ ಸ್ಟೋರ್‌ಗೆ ಹೋಗಿ ಬಂದಿದ್ದ ಅಪ್‌ಡೇಟನ್ನು ತೆಗೆದುಹಾಕಿದರು. ಆದರೆ ಇದನ್ನು ಆ ಬೆಳಿಗ್ಗೆ ನಮಗೆ ಹೇಳುವವರು ಯಾರು?

ಈ ಅಪ್‌ಡೇಟ್ ಅಂದರೆ ಏನು? ನಾಡ ಹೆಂಚಿನ ಮನೆಯವರಿಗೆ ಇದು ಬೇಗ ಅರ್ಥ ಆಗುತ್ತದೆ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುತ್ತೇವಲ್ಲ, ಅದೇ. ಸರಿದ ಹೆಂಚನ್ನು ಕೂಡಿಸಬೇಕು, ಒಡೆದದ್ದನ್ನು ಬದಲಿಸಬೇಕು, ಇಲ್ಲದಿದ್ದರೆ ಸೋರುತ್ತದೆ. ಆದರೆ ಮೇಲೆ ಹತ್ತಿದವನು ಕಾಲಿಟ್ಟು ಚೆನ್ನಾಗಿದ್ದ ಎರಡು ಹೆಂಚನ್ನೂ ಒಡೆಯುತ್ತಾನೆ! ಹಾಗಂತ ಕೈಯಾಡಿಸದೆ ಬಿಡೋಕಾಗುತ್ತಾ? ಮನೆಯಲ್ಲಿ ಮದುವೆ ಇಟ್ಟುಕೊಂಡ ದಿನ ಮಾತ್ರ ಯಾರೂ ಹೆಂಚು ಇಳಿಸುವುದಿಲ್ಲ.

ಸೋರುವುದು ಅಂದರೆ ಸಣ್ಣ ಮಾತಲ್ಲ. 2015ರಲ್ಲಿ ಆಂಡ್ರಾಯ್ಡ್ ಫೋನುಗಳಲ್ಲಿ ಒಂದು ದೊಡ್ಡ ತೂತು ಸಿಕ್ಕಿತು. ಕಳ್ಳರು ಒಂದು ವಿಡಿಯೋ ಸಂದೇಶ ಕಳಿಸಿದರೆ ಸಾಕು, ನೀವು ಅದನ್ನು ತೆರೆಯದಿದ್ದರೂ ಫೋನಿನ ಒಳಗೆ ನುಗ್ಗಬಹುದಾಗಿತ್ತು. ಪ್ರಪಂಚದಲ್ಲಿ ಸುಮಾರು 95 ಕೋಟಿ ಫೋನುಗಳಿಗೆ ಆ ಅಪಾಯ ಇತ್ತು ಎಂದು ಅದನ್ನು ಕಂಡುಹಿಡಿದವರು ಲೆಕ್ಕ ಹೇಳಿದರು. ಅದಾದ ಮೇಲೆಯೇ ಗೂಗಲ್‌ನವರು ತಿಂಗಳಿಗೊಮ್ಮೆ ರಕ್ಷಣೆಯ ಅಪ್‌ಡೇಟ್ ಬಿಡುವ ಪದ್ಧತಿ ತಂದದ್ದು. ಆದ್ದರಿಂದ "ಅಪ್‌ಡೇಟ್ ಸಹವಾಸವೇ ಬೇಡ" ಅನ್ನುವ ಅಕ್ಕಂದಿರ ಮಾತನ್ನು ನಾನು ಒಪ್ಪುವುದಿಲ್ಲ.

ಹಾಗೆಯೇ ಕಂಪನಿಯವರು ಮಾಡಿದ್ದೆಲ್ಲಾ ಸರಿ ಅಂತಲೂ ಹೇಳುವುದಿಲ್ಲ. 2018ರಲ್ಲಿ ಇಟಲಿ ದೇಶದ ಸರ್ಕಾರಿ ಪ್ರಾಧಿಕಾರ ಆಪಲ್ ಕಂಪನಿಗೆ 1 ಕೋಟಿ ಯೂರೋ, ಸ್ಯಾಮ್‌ಸಂಗ್ ಕಂಪನಿಗೆ 50 ಲಕ್ಷ ಯೂರೋ ದಂಡ ಹಾಕಿತು. ಕಾರಣ ಇಷ್ಟೇ: ಹಳೆಯ ಫೋನಿನವರಿಗೆ ಅಪ್‌ಡೇಟ್ ಹಾಕಿಕೊಳ್ಳಿ ಎಂದು ಒತ್ತಾಯ ಮಾಡಿದರು, ಹಾಕಿಕೊಂಡ ಮೇಲೆ ಫೋನು ನಿಧಾನ ಆಯಿತು. ನಮ್ಮ ದೇಶದಲ್ಲೂ 2025ರ ಜನವರಿಯಲ್ಲಿ ಇಂಥದೇ ದೂರುಗಳು ಬಂದವು. ಆಗ ಗ್ರಾಹಕ ವ್ಯವಹಾರಗಳ ಸಚಿವರಾದ ನಮ್ಮ ಧಾರವಾಡದ ಸಂಸದ ಪ್ರಲ್ಹಾದ ಜೋಶಿಯವರು, ಅಪ್‌ಡೇಟ್ ನಂತರ ಐಫೋನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ದೂರುಗಳ ಬಗ್ಗೆ ಆಪಲ್ ಕಂಪನಿಗೆ ನೋಟಿಸ್ ಕೊಡಲಾಗಿದೆ ಎಂದು ತಿಳಿಸಿದರು. ಐಫೋನು ನಮ್ಮಲ್ಲಿ ಯಾರ ಹತ್ತಿರ ಇದೆ ಅಂತ ನಗಬೇಡಿ. ಆ ದೂರುಗಳು ಹೋದದ್ದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ. ಅದರ ನಂಬರ್ 1915. ಆರು ಸಾವಿರದ ಫೋನಿನವರೂ ಅದಕ್ಕೆ ಮಾಡಬಹುದು. ಬಿಲ್ಲು ಮಾತ್ರ ಇಟ್ಟುಕೊಂಡಿರಬೇಕು. ನಾವು ಬಿಲ್ಲನ್ನೇ ಕೇಳುವುದಿಲ್ಲವಲ್ಲ!

ಇನ್ನು ನಮ್ಮ ಅಂಗನವಾಡಿ ಕಾರ್ಯಕರ್ತೆಯರು. ಇಲ್ಲೂ ನಾಲ್ಕು ಜನ ಕೂತಿದ್ದೀರಿ. ಪೋಷಣ್ ಟ್ರ್ಯಾಕರ್ ಆ್ಯಪ್ 2021ರಲ್ಲಿ ಬಂತು. ಆಮೇಲೆ ಅದಕ್ಕೆ ಒಂದೊಂದೇ ಹೊಸ ಕೆಲಸ ಸೇರುತ್ತಾ ಹೋಯಿತು. 2025ರ ಜುಲೈನಿಂದ ಮನೆಗೆ ಪಡಿತರ ಕೊಡುವಾಗ ತಾಯಂದಿರ ಮುಖವನ್ನೂ ಫೋನಿನಲ್ಲಿ ಹಿಡಿಯಬೇಕು ಎಂದಾಯಿತು. ಆ್ಯಪ್ ಪ್ರತಿ ಅಪ್‌ಡೇಟ್‌ಗೂ ಬೆಳೆಯುತ್ತದೆ, ಕೈಯಲ್ಲಿರುವ ಫೋನು ಬೆಳೆಯುವುದಿಲ್ಲ. ಐದು ವರ್ಷದ ಮಗುವಿನ ಅಂಗಿಯನ್ನು ಹದಿನೈದು ವರ್ಷದವನಿಗೆ ತೊಡಿಸಿದ ಹಾಗೆ. ಮಹಾರಾಷ್ಟ್ರದಲ್ಲಿ 2021ರ ಆಗಸ್ಟ್‌ನಲ್ಲಿ ಸಾವಿರಾರು ಅಂಗನವಾಡಿ ಕಾರ್ಯಕರ್ತೆಯರು, ಈ ಫೋನಿನಲ್ಲಿ ಈ ಕೆಲಸ ಆಗುವುದಿಲ್ಲ ಎಂದು ಕೊಟ್ಟಿದ್ದ ಫೋನುಗಳನ್ನೇ ಸರ್ಕಾರಕ್ಕೆ ವಾಪಸ್ಸು ಕೊಟ್ಟರು. ಫೋನು ನಿಂತುಹೋದರೆ "ನಿಮಗೆ ಬಳಸೋಕೆ ಬರಲ್ಲ" ಅನ್ನುವ ಮಾತು ಕೇಳಬೇಕಾದವರು ಹೆಂಗಸರೇ. ಇದು ನನಗೆ ಯಾವಾಗಲೂ ಸಿಟ್ಟು ತರಿಸುವ ವಿಷಯ.

ಈಗ ಸಂಘದ ಕಥೆಗೆ ಬರುತ್ತೇನೆ. ಇದರಲ್ಲಿ ನನ್ನ ತಪ್ಪೂ ಇದೆ. ಸಂಘದ ಹೆಸರು, ಊರಿನ ಹೆಸರು ಹೇಳುವುದಿಲ್ಲ, ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ.

ಹದಿನಾಲ್ಕು ಜನರ ಸಂಘ. ಲೆಕ್ಕ ನೋಡಿಕೊಳ್ಳುತ್ತಿದ್ದ ಪ್ರತಿನಿಧಿ ಬಹಳ ಚುರುಕು. ವಾರದ ಉಳಿತಾಯ, ಸಾಲದ ಕಂತು ಎಲ್ಲವನ್ನೂ ಪುಸ್ತಕದಲ್ಲಿ ಬರೆಯುತ್ತಿದ್ದರು. ಒಂದು ತರಬೇತಿಯಲ್ಲಿ ನಾನೇ ಹೇಳಿದೆ, "ಈಗೆಲ್ಲಾ ಫೋನು ಇದೆಯಲ್ಲಮ್ಮ, ಅದರಲ್ಲೇ ಬರೆದುಕೊಂಡು ಫೋಟೋ ತೆಗೆದಿಟ್ಟರೆ ಸಾಕು" ಅಂತ. ಅವರು ನನ್ನ ಮಾತು ನಂಬಿ ಪುಸ್ತಕ ಬರೆಯುವುದನ್ನು ಬಿಟ್ಟರು. ಮೂರು ತಿಂಗಳ ಲೆಕ್ಕ ಫೋನಿನ ಒಳಗೇ ಉಳಿಯಿತು.

ಬ್ಯಾಂಕಿಗೆ ಕಂತು ಕಟ್ಟುವ ದಿನ. ಬೆಳಿಗ್ಗೆ ಫೋನು ಅಪ್‌ಡೇಟ್ ಕೇಳಿತು, ಅವರು ಒಲೆ ಮುಂದೆ ಇದ್ದವರು 'ಸರಿ' ಅಂತ ಒತ್ತಿದರು. ಚಾರ್ಜು ಅರ್ಧಕ್ಕಿಂತ ಕಡಿಮೆ. ಒಳಗೆ ಜಾಗವೂ ಇರಲಿಲ್ಲ, ಗುಡ್ ಮಾರ್ನಿಂಗ್ ಫೋಟೋಗಳೇ ತುಂಬಿಕೊಂಡಿದ್ದವು. ಫೋನು ಆರಿ ಹತ್ತಿತು, ಕಂಪನಿಯ ಗುರುತು ತೋರಿಸಿ ಅಲ್ಲೇ ನಿಂತುಬಿಟ್ಟಿತು. ಮಧ್ಯಾಹ್ನದವರೆಗೂ ಅದೇ ಗುರುತು. ಬಸ್ಸು ಹತ್ತಿ ನಂಜನಗೂಡಿಗೆ ಹೋದರು. ಅಂಗಡಿಯ ಹುಡುಗ, "ರೀಸೆಟ್ ಹೊಡೀಬೇಕು ಅಕ್ಕ" ಅಂದ. ಇವರು ತಲೆ ಆಡಿಸಿದರು. ರೀಸೆಟ್ ಅಂದರೆ ಫೋನಿನಲ್ಲಿ ಇದ್ದದ್ದೆಲ್ಲಾ ಅಳಿಸಿಹೋಗುತ್ತದೆ ಅಂತ ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ಹತ್ತು ನಿಮಿಷದಲ್ಲಿ ಫೋನು ಹೊಸದಾಗಿ ಹತ್ತಿತು. ಒಳಗೆ ಏನೂ ಇರಲಿಲ್ಲ.

ಹಣ ಕಳುಹಿಸುವ ಆ್ಯಪ್ ಮತ್ತೆ ಹಾಕಲು ಹೋದರೆ, ಬ್ಯಾಂಕಿನಲ್ಲಿ ಕೊಟ್ಟಿರುವ ನಂಬರಿನ ಸಿಮ್ ಅದೇ ಫೋನಿನಲ್ಲಿ ಇರಬೇಕು ಅಂತ ಕೇಳಿತು. ಅವರ ಖಾತೆಗೆ ಕೊಟ್ಟಿದ್ದು ಯಜಮಾನರ ನಂಬರು. ಯಜಮಾನರು ಕೆಲಸಕ್ಕೆ ಕೇರಳದ ಕಡೆ ಹೋಗಿದ್ದರು. ಆ ತಿಂಗಳ ಕಂತು ತಡವಾಯಿತು. ಅದು ಹೋಗಲಿ, ಸಂಘದಲ್ಲಿ ಮಾತು ಶುರುವಾಯಿತು. "ಫೋನು ಕೆಟ್ಟಿತೋ, ಕೆಡಿಸಿದ್ರೋ?" ಅಂತ ಒಬ್ಬರು ನಲ್ಲಿಯ ಹತ್ತಿರ ಅಂದದ್ದು ಅವರ ಕಿವಿಗೂ ಬಿತ್ತು. ಒಂಬತ್ತು ವರ್ಷ ಒಂದು ರೂಪಾಯಿ ತಪ್ಪದ ಹಾಗೆ ಲೆಕ್ಕ ಇಟ್ಟವರು, ಎರಡು ಸಭೆಗೆ ಬರಲೇ ಇಲ್ಲ.

ನಾನು ಹೋಗಿ ಎಲ್ಲರನ್ನೂ ಜಗಲಿ ಮೇಲೆ ಕೂರಿಸಿದೆ. ಫೋಟೋ ಸಾಕು ಅಂದವಳು ನಾನೇ ಅಂತ ಮೊದಲು ಒಪ್ಪಿಕೊಂಡೆ. ಒಬ್ಬೊಬ್ಬರ ಸದಸ್ಯರ ಪಾಸ್‌ಬುಕ್ ತರಿಸಿದೆವು. ಬ್ಯಾಂಕಿನಿಂದ ಮೂರು ತಿಂಗಳ ವಹಿವಾಟಿನ ಪಟ್ಟಿ ಬರೆಸಿಕೊಂಡು ಬಂದೆವು. ಎರಡು ಮಧ್ಯಾಹ್ನ ಕೂತು ಸೇರಿಸಿದೆವು. ಹನ್ನೆರಡು ಜನರ ಲೆಕ್ಕ ಸರಿಹೊಂದಿತು. ಇನ್ನಿಬ್ಬರ ಒಳಸಾಲದ ಕಂತಿನಲ್ಲಿ 1,100 ರೂಪಾಯಿ ಕೂಡಲಿಲ್ಲ. "ನಾನು ಕಟ್ಟಿದೀನಿ" ಅಂತ ಅವರು, "ನೆನಪಿಲ್ಲ" ಅಂತ ಇವರು. ಇಬ್ಬರೂ ಸುಳ್ಳು ಹೇಳುವವರಲ್ಲ. ಕೊನೆಗೆ ಎಲ್ಲರ ಒಪ್ಪಿಗೆ ಮೇಲೆ ನಡಾವಳಿ ಪುಸ್ತಕದಲ್ಲಿ 'ತೀರ್ಮಾನವಾಗಿಲ್ಲ' ಎಂದು ಬರೆದೆವು. ಇವತ್ತಿಗೂ ಹಾಗೇ ಇದೆ. ಪ್ರತಿನಿಧಿ ಮಾತ್ರ ವಾಪಸ್ಸು ಬಂದಿದ್ದಾರೆ. ಈಗ ಮೊದಲು ಪುಸ್ತಕ ಬರೆಯುತ್ತಾರೆ, ಆಮೇಲೆ ಆ ಪುಟದ ಫೋಟೋ ತೆಗೆದು ಇನ್ನಿಬ್ಬರು ಸದಸ್ಯರಿಗೆ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಬ್ಯಾಂಕಿಗೂ ತಮ್ಮದೇ ನಂಬರು ಕೊಟ್ಟಿದ್ದಾರೆ. ನಿಮ್ಮಲ್ಲಿ ಎಷ್ಟು ಜನರ ಖಾತೆಗೆ ಮಗನ ನಂಬರು, ಅಳಿಯನ ನಂಬರು ಇದೆ? ಕೈ ಎತ್ತಬೇಡಿ, ಮನಸ್ಸಿನಲ್ಲೇ ಎಣಿಸಿಕೊಳ್ಳಿ. ಮುಂದಿನ ಸಲ ಬ್ಯಾಂಕಿಗೆ ಹೋದಾಗ ಆಧಾರ್, ಪಾಸ್‌ಬುಕ್ ತೆಗೆದುಕೊಂಡು ಹೋಗಿ ಬದಲಿಸಿಕೊಂಡು ಬನ್ನಿ.

ಇದಕ್ಕಿಂತ ಕೆಟ್ಟದ್ದು ಸುಳ್ಳು ಅಪ್‌ಡೇಟ್. "ನಿಮ್ಮ ಬ್ಯಾಂಕ್ ಆ್ಯಪ್ ಹಳೆಯದಾಗಿದೆ, ಇವತ್ತೇ ಅಪ್‌ಡೇಟ್ ಮಾಡದಿದ್ದರೆ ಖಾತೆ ಬಂದ್" ಅಂತ ವಾಟ್ಸಾಪ್‌ನಲ್ಲಿ ಬರುತ್ತದೆ. ಕೆಳಗೆ ಒಂದು ಕಡತ ಇರುತ್ತದೆ, ಅದರ ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಇಂಗ್ಲಿಷ್‌ನ ಮೂರು ಅಕ್ಷರ. ಪಿಎಂ ಕಿಸಾನ್ ಹೆಸರಿನಲ್ಲೂ, ಗಾಡಿ ದಂಡದ ಹೆಸರಿನಲ್ಲೂ ಇಂಥವು ಬಂದಿವೆ. ಗುಂಪಿನಲ್ಲಿ ನಮ್ಮವರ ಹೆಸರಿನಿಂದಲೇ ಬಂದಿರಬಹುದು, ಯಾಕೆಂದರೆ ಅವರ ಫೋನು ಮೊದಲೇ ಕಳ್ಳರ ಕೈಗೆ ಹೋಗಿರುತ್ತದೆ. ಒತ್ತಿದರೆ ಅದು ನಿಮ್ಮ ಮೆಸೇಜು ಓದಲು ಅನುಮತಿ ಕೇಳುತ್ತದೆ. ಕೊಟ್ಟಿರೋ, ಬ್ಯಾಂಕಿನಿಂದ ಬರುವ ಒಟಿಪಿ ನಿಮಗಿಂತ ಮೊದಲು ಅವರಿಗೆ ಹೋಗುತ್ತದೆ. ನಿಜವಾದ ಬ್ಯಾಂಕಿನವರು ವಾಟ್ಸಾಪ್‌ನಲ್ಲಿ ಎಪಿಕೆ ಕಳಿಸಿ ಅಪ್‌ಡೇಟ್ ಮಾಡಿ ಅನ್ನುವುದಿಲ್ಲ. ಆ್ಯಪ್‌ಗಳ ಅಪ್‌ಡೇಟ್ ಪ್ಲೇ ಸ್ಟೋರ್‌ನಿಂದ, ಫೋನಿನದೇ ಅಪ್‌ಡೇಟ್ ಸೆಟ್ಟಿಂಗ್ಸ್ ಒಳಗಿನಿಂದ. ಈ ಎರಡು ಬಾಗಿಲು ಬಿಟ್ಟು ಬೇರೆ ಕಡೆಯಿಂದ ಬಂದರೆ ಅಳಿಸಿಹಾಕಿ. ಅಕಸ್ಮಾತ್ ಒತ್ತಿಬಿಟ್ಟಿದ್ದರೆ ಮೊದಲು ಇಂಟರ್‌ನೆಟ್ ಆರಿಸಿ, ಬೇರೆ ಫೋನಿನಿಂದ 1930ಕ್ಕೆ ಮಾಡಿ, ಬ್ಯಾಂಕಿಗೂ ತಿಳಿಸಿ. ಯಜಮಾನರು ಬೈತಾರೆ ಅಂತ ಸಂಜೆವರೆಗೂ ಮುಚ್ಚಿಟ್ಟುಕೊಂಡು ಕೂರಬೇಡಿ. ಅಷ್ಟರಲ್ಲಿ ದುಡ್ಡು ಹತ್ತು ಖಾತೆ ದಾಟಿರುತ್ತದೆ.

ಹಾಗಾದರೆ ನಿಜವಾದ ಅಪ್‌ಡೇಟನ್ನು ಯಾವಾಗ ಹಾಕಬೇಕು ಅಂತ ಕೇಳುತ್ತೀರಿ. ಸಂಘದ ಸಭೆಯ ದಿನ, ಕಂತಿನ ದಿನ, ಆಸ್ಪತ್ರೆಗೆ ಹೋಗುವ ದಿನ ಬೇಡ. ಮಾರನೆಯ ದಿನ ತುರ್ತು ಕೆಲಸ ಇಲ್ಲದ ರಾತ್ರಿ, ಚಾರ್ಜಿಗೆ ಹಾಕಿ, ಬೇಡದ ವಿಡಿಯೋ ಅಳಿಸಿ ಜಾಗ ಮಾಡಿ, ಆಮೇಲೆ ಒತ್ತಿ. ನಡುವೆ ಆರಿಸಬೇಡಿ. ಫೋನಿನ ದೊಡ್ಡ ಅಪ್‌ಡೇಟ್ ಒಂದೆರಡು ಜಿಬಿ ಇರುತ್ತದೆ, ದಿನದ ಡೇಟಾ ಪೂರ್ತಿ ನುಂಗಿಬಿಡುತ್ತದೆ. ಅದು ಬಂದಾಗ ಒಂದೆರಡು ವಾರ ಕಾಯ್ದರೂ ನಷ್ಟ ಇಲ್ಲ, ಏನಾದರೂ ಎಡವಟ್ಟು ಇದ್ದರೆ ಅಷ್ಟರಲ್ಲಿ ಬೇರೆಯವರ ಫೋನಿನಲ್ಲಿ ಕಾಣಿಸಿಕೊಂಡಿರುತ್ತದೆ. ರಕ್ಷಣೆಯ ಅಪ್‌ಡೇಟನ್ನು, ಬ್ಯಾಂಕ್ ಆ್ಯಪ್‌ನ ಅಪ್‌ಡೇಟನ್ನು ಮಾತ್ರ ತಿಂಗಳುಗಟ್ಟಲೆ ತಳ್ಳಬೇಡಿ.

ತೀರಾ ಹಳೆಯ ಫೋನಿಗೆ ಅಪ್‌ಡೇಟ್ ಬರುವುದೇ ನಿಲ್ಲುತ್ತದೆ. 2023ರ ಅಕ್ಟೋಬರ್‌ನಿಂದ ವಾಟ್ಸಾಪ್, ಆಂಡ್ರಾಯ್ಡ್ 5ಕ್ಕಿಂತ ಹಳೆಯ ಫೋನುಗಳನ್ನು ಕೈಬಿಟ್ಟಿತು. ಆದ್ದರಿಂದ ಸೆಕೆಂಡ್ ಹ್ಯಾಂಡ್ ಫೋನು ಕೊಳ್ಳುವಾಗ ಕ್ಯಾಮೆರಾ ನೋಡುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ಕೊನೆಯ ರಕ್ಷಣೆಯ ಅಪ್‌ಡೇಟ್ ಯಾವ ತಾರೀಖಿನದು ಅಂತ ನೋಡಿ. ಎರಡು ಮೂರು ವರ್ಷ ಹಿಂದಿನದಾಗಿದ್ದರೆ ಬ್ಯಾಂಕ್ ಕೆಲಸಕ್ಕೆ ಅದು ಬೇಡ. ಬಟನ್ ಫೋನ್ ಇರುವ ಅಕ್ಕಂದಿರು ಬೇಜಾರು ಮಾಡಿಕೊಳ್ಳಬೇಡಿ. ಬ್ಯಾಂಕಿಗೆ ಕೊಟ್ಟಿರುವ ನಂಬರಿನಿಂದ *99# ಒತ್ತಿದರೆ ಇಂಟರ್‌ನೆಟ್ ಇಲ್ಲದೆಯೂ ಖಾತೆಯ ಬಾಕಿ ನೋಡಬಹುದು, ಸಣ್ಣ ಮೊತ್ತ ಕಳುಹಿಸಬಹುದು. ಅದು ಯಾವ ಅಪ್‌ಡೇಟನ್ನೂ ಕೇಳುವುದಿಲ್ಲ.

ಬಾಯಲ್ಲಿ ಹೇಳಿದ್ದು ಮನೆಗೆ ಹೋಗುವಷ್ಟರಲ್ಲಿ ಮರೆತುಹೋಗುತ್ತದೆ. ಮುಂದಿನ ತಿಂಗಳ ಸಭೆಗೆ ಪ್ರತಿ ಸಂಘದಿಂದ ಇಬ್ಬರು ಫೋನು ತನ್ನಿ, ಒಬ್ಬೊಬ್ಬರದೇ ತೆರೆದು ತಾರೀಖು ನೋಡೋಣ, ತಾನಾಗೇ ಅಪ್‌ಡೇಟ್ ಆಗುವುದನ್ನು ಎಲ್ಲಿ ನಿಲ್ಲಿಸುವುದು ಅಂತ ನಿಮ್ಮ ಕೈಯಲ್ಲೇ ಮಾಡಿಸುತ್ತೇನೆ. ಮನೆಯಲ್ಲೇ ಚಾರ್ಜ್ ಮಾಡಿಕೊಂಡು ಬನ್ನಿ, ಈ ಹಾಲ್‌ನಲ್ಲಿ ಇರುವುದು ಎರಡೇ ಪ್ಲಗ್ಗು. ಸಂಘದ ಪುಸ್ತಕವನ್ನೂ ತನ್ನಿ.